ಕೆಂಪು ಲೇಸರ್ ಅರಿಶಿನದ ಕಲೆ ತೆಗೆಯಿತೇ? ದಾವಣಗೆರೆಯ ಒಂದು ಲ್ಯಾಬಿನ ಪ್ರಕರಣ

"ಸರ್, ಕೆಂಪು ಲೇಸರೂ ಕೆಲಸ ಮಾಡ್ತು."

ಬಿ.ಎಸ್ಸಿ. ಕೊನೆ ವರ್ಷದ ಹುಡುಗಿ ಹೀಗೆ ಹೇಳಿ ಒಂದು ಫಿಲ್ಟರ್ ಪೇಪರ್ ಪಟ್ಟಿಯನ್ನು ನನ್ನ ಟೇಬಲ್ಲಿನ ಮೇಲಿಟ್ಟಳು. ಅರಿಶಿನದಲ್ಲಿ ಅದ್ದಿ ಒಣಗಿಸಿದ ಪಟ್ಟಿ. ಒಂದು ಕಡೆ ಹಳದಿ ತೆಳುವಾಗಿತ್ತು. ಅವಳ ಮುಖದಲ್ಲಿ ಖುಷಿ. ನನಗೆ ಮಾತ್ರ ಒಳಗೊಳಗೇ ಕಸಿವಿಸಿ. ಯಾಕೆಂದರೆ ಕೆಂಪು ಲೇಸರ್ ಅಲ್ಲಿ ಏನೂ ಮಾಡಬಾರದಿತ್ತು.

ದಾವಣಗೆರೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಆ ಪಟ್ಟಿಯ ಸುತ್ತ ನಡೆದ ಕೆಲವು ದಿನಗಳ ಕಥೆಯನ್ನು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುತ್ತಾ ಬಂದಿದ್ದೇನೆ. ಹೇಳುವಾಗ ನನ್ನ ತಪ್ಪನ್ನು ಮೆಲ್ಲಗೆ ಹಾರಿಸಿಬಿಡುತ್ತಿದ್ದೆ. ಇಲ್ಲಿ ಅದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಅಜ್ಜಿಯ ಮಾತಿನಿಂದ ಶುರು

ಪ್ರಾಜೆಕ್ಟ್ ಅಂದರೆ ನಮ್ಮಲ್ಲಿ ಸಾಮಾನ್ಯವಾಗಿ ನೀರಿನ ಗಡಸುತನ, ಹಾಲಿನ ಕಲಬೆರಕೆ, ಇಲ್ಲವೇ ಹೋದ ವರ್ಷದವರು ಮಾಡಿದ್ದೇ. ಈ ಹುಡುಗಿ ಹರಿಹರದ ಹತ್ತಿರದ ಹಳ್ಳಿಯವಳು. ಅವಳ ಅಕ್ಕನ ಮದುವೆಯ ಅರಿಶಿನ ಶಾಸ್ತ್ರದಲ್ಲಿ ಬಿಳಿ ವೇಲಿಗೆ ಅರಿಶಿನ ಮೆತ್ತಿಕೊಂಡಿತ್ತು. ಸೋಪು ಹಾಕಿ ಉಜ್ಜಿದಳು. ಹಳದಿ ಕಲೆ ಕೆಂಪಾಯಿತು. ಗಾಬರಿಯಾಗಿ ಇನ್ನೂ ಉಜ್ಜಿದಳು. ಅಜ್ಜಿ ನಕ್ಕು ಹೇಳಿದರಂತೆ: "ಸುಮ್ನೆ ಯಾಕ್ ಉಜ್ಜತೀಯವ್ವ, ಒಗದು ಬಿಸಿಲಿಗೆ ಹಾಕು. ಬಿಸಿಲೇ ತಿಂದ್ ಹಾಕ್ತತಿ."

ಎರಡು ದಿನದಲ್ಲಿ ವೇಲು ಬೆಳ್ಳಗಾಯಿತು.

ಸೋಪಿಗೆ ಕೆಂಪಾಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ಓಕುಳಿ ಮಾಡುವುದಿಲ್ಲವೇ, ಅದೇ. ಅವಳಿಗೆ ಹಿಡಿಸಿದ್ದು ಬಿಸಿಲಿನ ಭಾಗ. "ಬಿಸಿಲಲ್ಲಿ ಬಿಸಿನೂ ಇದೆ, ಬೆಳಕೂ ಇದೆ. ಕಲೆ ತಿನ್ನೋದು ಯಾವುದು ಸರ್? ಬೆಳಕು ಅಂದ್ರೆ, ಯಾವ ಬಣ್ಣದ ಬೆಳಕು?" ಅಂತ ಕೇಳಿದಳು. ಹದಿನೈದು ವರ್ಷದ ಪಾಠದಲ್ಲಿ ಇಷ್ಟು ಚೊಕ್ಕವಾಗಿ ಪ್ರಶ್ನೆ ಕೇಳಿದವರು ಕಡಿಮೆ. ಹಾಗಾದರೆ ಲೇಸರ್ ಹಿಡಿದು ನೋಡು ಅಂದೆ.

ಲೇಸರೇ ಯಾಕೆ? ಬಿಸಿಲು ಎಲ್ಲ ಬಣ್ಣಗಳ ಸಂತೆ. ಅದರಲ್ಲಿ ಯಾರು ಏನು ಮಾಡಿದರು ಅಂತ ಹೇಳಲಾಗದು. ಲೇಸರಿನಲ್ಲಿ ಬಣ್ಣ ಒಂದೇ. ಥಿಯೋಡರ್ ಮೈಮನ್ 1960ರ ಮೇ 16ರಂದು ಮಾಣಿಕ್ಯದ ಕಡ್ಡಿಯಿಂದ ಮೊದಲ ಲೇಸರ್ ಹೊಮ್ಮಿಸಿದರು. ಕೆಮಿಸ್ಟ್ರಿಯವರಿಗೆ ಆಸೆ ಹುಟ್ಟಿದ್ದೂ ಈ ಗುಣ ಕಂಡೇ. ಬೆಂಕಿಯಲ್ಲಿ ಕಾಯಿಸಿದರೆ ಪಾತ್ರೆಯಲ್ಲಿರುವ ಎಲ್ಲಕ್ಕೂ ಶಾಖ ತಾಗುತ್ತದೆ. ಒಂದೇ ಬಣ್ಣದ ಬೆಳಕಾದರೆ ಬೇಕಾದ ಅಣುವಿಗೆ ಮಾತ್ರ ತಾಗಿಸಬಹುದು.

ಅರಿಶಿನದ ಹಳದಿಗೆ ಕಾರಣ ಕರ್ಕ್ಯುಮಿನ್ ಅನ್ನುವ ಅಣು. ಅದು ನೇರಳೆ, ನೀಲಿ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಅತಿ ಹೆಚ್ಚು ಹೀರುವುದು ಅಲೆಯ ಉದ್ದ 425 ನ್ಯಾನೊಮೀಟರಿನ ಆಸುಪಾಸು ಇರುವ ಬೆಳಕನ್ನು. ಬೆಳಕಿನ ಬಣ್ಣ ಯಾವುದು ಅಂತ ಹೇಳುವುದು ಈ ಅಲೆಯ ಉದ್ದವೇ. ಉಳಿದ ಬಣ್ಣಗಳನ್ನು ವಾಪಸ್ ಕಳಿಸುತ್ತದೆ. ಅದಕ್ಕೇ ನಮಗೆ ಹಳದಿ ಕಾಣುವುದು. ಇದಕ್ಕೊಂದು ಹಳೆಯ ನಿಯಮವಿದೆ. 19ನೇ ಶತಮಾನದ ಮೊದಲರ್ಧದಲ್ಲೇ ಗ್ರೊಟಸ್ ಮತ್ತು ಡ್ರೇಪರ್ ಹೇಳಿದ್ದು: ಅಣು ಹೀರಿದ ಬೆಳಕಷ್ಟೇ ರಾಸಾಯನಿಕ ಕ್ರಿಯೆ ನಡೆಸಬಲ್ಲದು. ಹಾದುಹೋದ ಬೆಳಕು ಹಾದುಹೋಯಿತು, ಅಷ್ಟೇ.

ಅಂದಮೇಲೆ ನೇರಳೆ ಲೇಸರ್ ಕಲೆ ತೆಗೆಯಬೇಕು. ಹಸಿರು, ಕೆಂಪು ತೆಗೆಯಬಾರದು. ಅವಳ ರೆಕಾರ್ಡಿನ ಮೊದಲ ಪುಟದಲ್ಲಿ ಇದನ್ನೇ ಬರೆಸಿದ್ದೆ.

ಸಿಹಿ ಡಬ್ಬಿಯೊಳಗೆ

ದುಬಾರಿ ಸಾಮಾನು ನಮ್ಮಲ್ಲಿ ಇರಲಿಲ್ಲ. ಮೂರು ಲೇಸರ್ ಪಾಯಿಂಟರ್ ಇದ್ದವು. ಕೆಂಪು 650, ಹಸಿರು 532, ನೇರಳೆ 405 ನ್ಯಾನೊಮೀಟರ್. ಮೂರಕ್ಕೂ 5 ಮಿಲಿವ್ಯಾಟ್ ಅಂತ ಸ್ಟಿಕರ್ ಅಂಟಿಸಿದ್ದರು. ಆ ಸ್ಟಿಕರನ್ನು ನಂಬಬಾರದು ಅನ್ನುವುದು ನನ್ನ ಮೊದಲ ಪಾಠವಾಗಿತ್ತು. ಅಳತೆ, ಮಾನದಂಡ ನೋಡಿಕೊಳ್ಳುವ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ 2013ರಲ್ಲಿ 122 ಪಾಯಿಂಟರುಗಳನ್ನು ಪರೀಕ್ಷಿಸಿತ್ತು. ಹಸಿರಿನವುಗಳಲ್ಲಿ ಶೇಕಡಾ 90ರ ಹತ್ತಿರ, ಕೆಂಪಿನವುಗಳಲ್ಲಿ ಶೇಕಡಾ 44ರಷ್ಟು ಅಲ್ಲಿನ ಸುರಕ್ಷತಾ ನಿಯಮ ಮೀರಿದ್ದವು. ಅಗ್ಗದ ಹಸಿರು ಪಾಯಿಂಟರಿನ ಒಳಗೆ ನಿಜಕ್ಕೂ ಹುಟ್ಟುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಅದನ್ನು ಹರಳಿನಲ್ಲಿ ಹಾಯಿಸಿ ಹಸಿರು ಮಾಡುತ್ತಾರೆ. ತಡೆಯುವ ಫಿಲ್ಟರ್ ಹಾಕದಿದ್ದರೆ ಇನ್‌ಫ್ರಾರೆಡ್ಡೂ ಹೊರಗೆ ಬರುತ್ತದೆ. ನೇರಳೆಯದು ಇನ್ನೊಂದು ಥರದ ಮೋಸ. 405ಕ್ಕೆ ನಮ್ಮ ಕಣ್ಣು ಮಂದ. ಬೆಳಕು ಕಡಿಮೆ ಅನಿಸುತ್ತದೆ, ಆದರೆ ಕಣ್ಣಿನೊಳಗೆ ಹೋಗುವುದು ಪೂರ್ತಿ ಹೋಗುತ್ತದೆ. ಜಾತ್ರೆಯಲ್ಲಿ ಮಕ್ಕಳು ಒಬ್ಬರ ಮುಖಕ್ಕೊಬ್ಬರು ಇದನ್ನು ಬಿಡುವುದನ್ನು ನೋಡಿದರೆ ನನಗೆ ಎದೆ ಝಲ್ ಅನ್ನುತ್ತದೆ.

ಅದಕ್ಕೇ ಡಬ್ಬಿಯೊಳಗೆ ಮಾಡೋಣ ಅಂದದ್ದು ನಾನು. ಪೇಡಾ ಕೊಡುವ ರಟ್ಟಿನ ಡಬ್ಬಿ, ನಾಲ್ಕು ಬೆರಳಿನಷ್ಟು ಆಳ. ಒಳಗಿನ ಗೋಡೆಗೆ ಅರಿಶಿನದ ಪಟ್ಟಿ ಅಂಟಿಸುವುದು. ಎದುರಿನ ಗೋಡೆಗೆ ಪೆನ್ಸಿಲ್ ಚುಚ್ಚಿ ಒಂದು ತೂತು. ಒಂದು ಗೇಣು ದೂರದಲ್ಲಿ ಸ್ಟ್ಯಾಂಡಿಗೆ ಪಾಯಿಂಟರ್ ಕಟ್ಟಿ, ಅದರ ಬಟನ್ನಿಗೆ ಬಟ್ಟೆ ಕ್ಲಿಪ್ ಸಿಕ್ಕಿಸುವುದು. ಬೆಳಕು ತೂತಿನಿಂದ ಒಳಗೆ ಹೋಗುತ್ತದೆ, ಚದುರಿ ಯಾರ ಕಣ್ಣಿಗೂ ಬರುವುದಿಲ್ಲ. ಜಾಣತನದ ಏರ್ಪಾಡು ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಪಟ್ಟಿಗೆ ಮೊದಲು ದ್ರಾವಣದಲ್ಲಿ ನೋಡಿದೆವು. ಅರಿಶಿನ ಪುಡಿಯನ್ನು ಸ್ಪಿರಿಟ್ಟಿನಲ್ಲಿ ನೆನೆಸಿ, ಸೋಸಿ, ಬೀಕರಿಗೆ ಹಾಕಿದಳು. ಕರ್ಟನ್ ಎಳೆದೆವು. ಕೆಂಪು ಲೇಸರ್ ಬಿಟ್ಟರೆ ಬೀಕರಿನಲ್ಲಿ ಏನೂ ಕಾಣಲಿಲ್ಲ. ಹಿಂದಿನ ಗೋಡೆಯ ಮೇಲೆ ಕೆಂಪು ಚುಕ್ಕೆ ಮಾತ್ರ ಇತ್ತು. ಹಸಿರೂ ಹಾಗೇ ದಾಟಿಹೋಯಿತು. ನೇರಳೆ ಬಿಟ್ಟ ಕೂಡಲೇ ಲ್ಯಾಬಿನಲ್ಲಿದ್ದವರೆಲ್ಲ "ಓ" ಅಂದರು. ಬೆಳಕು ಬೀಕರಿನ ಅಂಚಿನಲ್ಲೇ ನಿಂತುಬಿಟ್ಟಿತ್ತು. ಒಂದು ಬೆರಳಿನಷ್ಟು ಉದ್ದ, ಗಿಳಿಹಸಿರು ಬೆರೆತ ಹಳದಿ ಕಡ್ಡಿ ಒಳಗೆ ಉರಿಯುತ್ತಿದ್ದ ಹಾಗೆ. ಗೋಡೆಯ ಮೇಲೆ ಚುಕ್ಕೆ ಇಲ್ಲ. ಹೀರುವುದು ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ಬೋರ್ಡಿನ ಮೇಲೆ ಬರೆಯಲು ನನಗೆ ಬರುವುದಿಲ್ಲ.

ಆಮೇಲೆ ಪಟ್ಟಿ. ನೇರಳೆ ಲೇಸರನ್ನು ಐದು ನಿಮಿಷ ಉರಿಸಿ, ಐದು ನಿಮಿಷ ಆರಲು ಬಿಟ್ಟು, ಬೆಳಿಗ್ಗೆಯ ಹೊತ್ತು ಮಾಡಿದಳು. ಒಟ್ಟು 20 ನಿಮಿಷದ ಬೆಳಕಿಗೆ ಚುಕ್ಕೆ ತಿಳಿಯಾಯಿತು. ಒಂದು ಗಂಟೆಗೆ ಹೆಚ್ಚುಕಡಿಮೆ ಬಿಳಿ. ಚುಕ್ಕೆ ಅಕ್ಕಿ ಕಾಳಿನ ಹಾಗೆ ಉದ್ದುದ್ದ ಇತ್ತು, ಯಾಕೆಂದರೆ ಇಂಥ ಪಾಯಿಂಟರುಗಳ ಬೆಳಕು ದುಂಡಗೆ ಬರುವುದಿಲ್ಲ. ಈ ಆಕಾರವನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಬಿಸಿಯಿಂದ ಹೋಯಿತೋ ಏನೋ ಅನ್ನುವ ಅನುಮಾನ ಅವಳೇ ಎತ್ತಿದಳು. ಇನ್ನೊಂದು ಪಟ್ಟಿಯನ್ನು ಬಟ್ಟೆಯ ನಡುವೆ ಇಟ್ಟು ಇಸ್ತ್ರಿ ಮಾಡಿಕೊಂಡು ಬಂದಳು. ಬಣ್ಣ ಹೋಗುವುದಿರಲಿ, ಸ್ವಲ್ಪ ಗಾಢವಾಗಿತ್ತು. "ಒಗ್ಗರಣೆ ಎಣ್ಣೆಲಿ ಅರಿಶಿನ ಹಾಕಿದ್ರೆ ಬಣ್ಣ ಬಿಡತತೇನು ಅಂತ ಅಜ್ಜಿ ಕೇಳಿದ್ಲು ಸರ್," ಅಂದಳು. ಅಜ್ಜಿಗೆ ಅವತ್ತೇ ಒಂದು ಪದವಿ ಕೊಡಬೇಕಿತ್ತು.

ಹಸಿರು ಲೇಸರಿಗೆ ಒಂದು ಗಂಟೆಯಲ್ಲಿ ಏನೂ ಆಗಲಿಲ್ಲ. ಅದನ್ನು ಬರೆದು ಮುಗಿಸಿದಳು.

ಮೂರು ಮಧ್ಯಾಹ್ನ

ಕೆಂಪಿನ ಸರದಿ ಬಂದಾಗ ಬೆಳಿಗ್ಗೆ ಲ್ಯಾಬ್ ಖಾಲಿ ಇರಲಿಲ್ಲ. ಮಧ್ಯಾಹ್ನ ಎರಡೂವರೆಯಿಂದ ಐದರವರೆಗೆ ಸಿಕ್ಕಿತು. ಟೇಬಲ್ ಕಿಟಕಿಯ ಪಕ್ಕ. ಮೊದಲ ದಿನ ಏನೂ ಕಾಣಲಿಲ್ಲ. ಅಲ್ಲಿಗೇ "ಆಗಲಿಲ್ಲ" ಅಂತ ಬರೆಯಬೇಕಿತ್ತು. ಆದರೆ ಕೆಂಪು ನಿಧಾನಕ್ಕೆ ಕೆಲಸ ಮಾಡಬಹುದು ಅಂತ ಅವಳಿಗೆ ಅನಿಸಿತು. ಎರಡನೇ ದಿನವೂ ಇಟ್ಟಳು. ಮೂರನೇ ದಿನವೂ. ಆಗ ಕಂಡಿದ್ದು ನನ್ನ ಟೇಬಲ್ಲಿಗೆ ಬಂದ ಆ ತೆಳು ಗುರುತು.

ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಗುರುತು ಅಕ್ಕಿ ಕಾಳಿನ ಹಾಗಿರಲಿಲ್ಲ. ಪೆನ್ಸಿಲಿನಷ್ಟು ಅಗಲ, ಅಂಚು ದುಂಡಗೆ, ಮೇಲಿಂದ ಕೆಳಕ್ಕೆ ಎಳೆದ ಹಾಗೆ ಉದ್ದ. ಇನ್ನೊಂದು ಸಂಗತಿ. ಲೇಸರ್ ಬೀಳುವ ಜಾಗಕ್ಕೆ ಅವಳು ಪೆನ್ನಿನಲ್ಲಿ ಗುರುತು ಹಾಕಿದ್ದಳು. ಬಣ್ಣ ಹೋಗಿದ್ದು ಅದರ ಕೆಳಗೆ. ಪೆನ್ನಿನ ಗುರುತಿನ ಒಳಗೆ ಹಳದಿ ಹಾಗೇ ಇತ್ತು.

"ಇದು ಕೆಳಗಿದೆಯಲ್ಲಮ್ಮ?"

"ಪಾಯಿಂಟರ್ ಸ್ವಲ್ಪ ಜಾರಿರಬೇಕು ಸರ್."

ಇರಬಹುದು. ಆದರೆ ಬೆಳಕಿನ ಅಗಲ ಹೇಗೆ ಜಾಸ್ತಿಯಾಯಿತು? ಅದಕ್ಕೆ ಅವಳ ಬಳಿ ಉತ್ತರ ಇರಲಿಲ್ಲ. ನನ್ನ ಬಳಿಯೂ ಇರಲಿಲ್ಲ. ಆಗ ಸುಮ್ನೆ ಒಂದು ಪ್ರಶ್ನೆ ಕೇಳಿದೆ: "ಮೂರು ದಿನಕ್ಕೆ ಎಷ್ಟು ಸಲ ಸೆಲ್ ಬದಲಾಯಿಸಿದೆ?"

ಅವಳು ಮಾತಾಡಲಿಲ್ಲ. ಕೆಂಪು ಪಾಯಿಂಟರಿನಲ್ಲಿ ಇರುವುದು ಗುಂಡಿಯಂಥ ಪುಟ್ಟ ಸೆಲ್‌ಗಳು. ಬಟನ್ನಿಗೆ ಕ್ಲಿಪ್ ಹಾಕಿ ಬಿಟ್ಟರೆ ಕೆಲವು ಗಂಟೆಗಳ ಆಯುಷ್ಯ. ನಾವಿಬ್ಬರೂ ಹೋಗಿ ಕ್ಲಿಪ್ ಒತ್ತಿ ನೋಡಿದೆವು. ಬೆಳಕಿಲ್ಲ. ಎರಡನೇ ದಿನ ಮಧ್ಯಾಹ್ನ ಡಬ್ಬಿ ಮುಚ್ಚಿಟ್ಟು ಹೋಗಿದ್ದು, ಆಮೇಲೆ ಒಳಗೆ ಇಣುಕಿ ನೋಡಿಲ್ಲ ಅಂತ ಒಪ್ಪಿಕೊಂಡಳು. ಡಬ್ಬಿಯೊಳಗೆ ಇಣುಕಬೇಡ, ಕಣ್ಣಿಗೆ ಅಪಾಯ ಅಂತ ಹೇಳಿದ್ದವನು ನಾನೇ. ಅಂದರೆ ಕಲೆ ತೆಗೆದ "ಲೇಸರ್" ಅರ್ಧಕ್ಕಿಂತ ಜಾಸ್ತಿ ಹೊತ್ತು ಸತ್ತುಹೋಗಿತ್ತು.

ಮರುದಿನ ಹೊಸ ಪಟ್ಟಿ ಅಂಟಿಸಿ, ಪಾಯಿಂಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಡಬ್ಬಿ ಅದೇ ಜಾಗದಲ್ಲಿ ಬರೀ ತೂತಿನೊಂದಿಗೆ ಕೂತಿತ್ತು. ಮೂರೂಕಾಲಿನ ಹೊತ್ತಿಗೆ ನಾನು ಡಬ್ಬಿಯ ಮುಚ್ಚಳ ಎತ್ತಿದೆ. ಪಟ್ಟಿಯ ಕೆಳತುದಿಯಲ್ಲಿ ಪೆನ್ಸಿಲ್ ಅಗಲದ ಒಂದು ಬಿಸಿಲಕೋಲು ಬಿದ್ದಿತ್ತು. ಪಶ್ಚಿಮದ ಕಿಟಕಿ. ಸೂರ್ಯ ಇಳಿಯುತ್ತಿದ್ದ. ಅವನು ಇಳಿದಂತೆಲ್ಲ ಆ ದುಂಡು ಬೆಳಕು ಪಟ್ಟಿಯ ಮೇಲೆ ಮೆಲ್ಲಗೆ ಮೇಲಕ್ಕೆ ಹತ್ತುತ್ತಿತ್ತು. ನಾಲ್ಕು, ನಾಲ್ಕೂವರೆ, ಐದು. ನಾವು ಒಂದು ಮಾತೂ ಆಡದೆ ನೋಡುತ್ತಾ ನಿಂತೆವು. ಅಟೆಂಡರ್ ಬಂದು ಲ್ಯಾಬಿಗೆ ಬೀಗ ಹಾಕಬೇಕು ಅಂದ ಮೇಲೇ ಎಚ್ಚರ.

ಲೇಸರಿಗೆ ಅಂತ ನಾನು ಚುಚ್ಚಿಸಿದ ತೂತಿನಿಂದ ದಾವಣಗೆರೆಯ ಫೆಬ್ರವರಿ ಬಿಸಿಲು ಒಳಗೆ ಹೋಗಿ ಅಜ್ಜಿ ಹೇಳಿದ ಕೆಲಸವನ್ನೇ ಮಾಡಿತ್ತು. ಮೂರು ಮಧ್ಯಾಹ್ನ ಹೀಗೆ ಬಿಟ್ಟ ಹೊಸ ಪಟ್ಟಿಯಲ್ಲೂ ಅದೇ ಆಕಾರದ ಗುರುತು ಮೂಡಿತು. ಲೇಸರ್ ಇಲ್ಲದೆ.

ತಪ್ಪು ಅವಳದಲ್ಲ. ಲೇಸರ್ ಹಾಕದ ಒಂದು ಪಟ್ಟಿಯನ್ನು ಪಕ್ಕದಲ್ಲಿ, ಅದೇ ಡಬ್ಬಿಯಲ್ಲಿ, ಅದೇ ಹೊತ್ತಿನಲ್ಲಿ ಇಡಿಸಬೇಕಾದವನು ನಾನು. ಹೋಲಿಸಿ ನೋಡಲು ಇಡುವ ಇಂಥ ಕಂಟ್ರೋಲ್ ಪಟ್ಟಿ ಇತ್ತು, ಇಲ್ಲ ಅಂತಲ್ಲ. ನನ್ನ ಡ್ರಾಯರಿನೊಳಗೆ ಕತ್ತಲೆಯಲ್ಲಿ ಇತ್ತು. ಕತ್ತಲೆಯ ಪಟ್ಟಿ ಬಿಸಿಲಿನ ಬಗ್ಗೆ ಏನು ಸಾಕ್ಷಿ ಹೇಳುತ್ತದೆ?

ಕೆಂಪಿಗೆ ಯಾಕೆ ಆಗುವುದಿಲ್ಲ

"ಕೆಂಪಿನ ಪವರ್ ಜಾಸ್ತಿ ಮಾಡಿದ್ರೆ ಆಗುತ್ತಾ ಸರ್?" ಅಂತ ಅವಳ ಗೆಳತಿ ಕೇಳಿದಳು. ಎಲ್ಲರಿಗೂ ಬರುವ ಅನುಮಾನವೇ ಇದು. ಬಸ್ ಸ್ಟ್ಯಾಂಡಿನಲ್ಲಿ ನಾಣ್ಯ ಹಾಕಿ ತೂಕ ನೋಡುವ ಯಂತ್ರ ಇರುತ್ತಿತ್ತಲ್ಲ, ಹಾಗೆ. ಎರಡು ರೂಪಾಯಿ ನಾಣ್ಯ ಕೇಳುವ ಯಂತ್ರಕ್ಕೆ ಒಂದು ರೂಪಾಯಿ ನಾಣ್ಯ ಚೀಲದ ತುಂಬ ಇದ್ದರೂ ಪ್ರಯೋಜನವಿಲ್ಲ. ಬೆಳಕು ಕೂಡ ಬಿಡಿಬಿಡಿ ನಾಣ್ಯವಾಗಿ ಬರುತ್ತದೆ. ಅದೇ ಫೋಟಾನ್. ನೇರಳೆ ಫೋಟಾನಿನ ಬೆಲೆ, ಅಂದರೆ ಶಕ್ತಿ, ಸುಮಾರು 3.1 ಎಲೆಕ್ಟ್ರಾನ್ ವೋಲ್ಟ್. ಕೆಂಪಿನದು 1.9. ಪವರ್ ಜಾಸ್ತಿ ಅಂದರೆ ನಾಣ್ಯದ ಸಂಖ್ಯೆ ಜಾಸ್ತಿ, ಒಂದೊಂದರ ಬೆಲೆ ಅಷ್ಟೇ.

ಇಲ್ಲೊಂದು ತಕರಾರು ಇದೆ, ಮುಚ್ಚಿಡಬಾರದು. ಎರಡು ನಾಣ್ಯವನ್ನು ಒಂದೇ ಕ್ಷಣದಲ್ಲಿ ಒಟ್ಟಿಗೆ ತಳ್ಳಿದರೆ? ಅಣು ಎರಡು ಫೋಟಾನನ್ನು ಒಮ್ಮೆಲೇ ಹೀರಬಲ್ಲದು ಅಂತ ಮರಿಯಾ ಗ್ಯೋಪರ್ಟ್ ಮೇಯರ್ 1931ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಅದು ಕಣ್ಣಿಗೆ ಬಿದ್ದದ್ದು ಲೇಸರ್ ಬಂದ ಮೇಲೆ, 1961ರಲ್ಲಿ. ಅದಕ್ಕೆ ಬೆಳಕು ಭಯಂಕರ ದಟ್ಟವಾಗಿರಬೇಕು. ಪಾಯಿಂಟರಿನಿಂದ ಆಗುವ ಮಾತಲ್ಲ. ಬೆಳಕನ್ನೆಲ್ಲ ಅತಿ ಚಿಕ್ಕ ಹೊಡೆತವಾಗಿ ಒತ್ತಿ ಕಳಿಸುವ ಲೇಸರುಗಳಲ್ಲಿ ಆಗುತ್ತದೆ. ಹಾಗಾಗಿ ಕೆಂಪು ಎಂದೆಂದೂ ಆಗದು ಅಂತ ರೆಕಾರ್ಡಿನಲ್ಲಿ ಬರೆಯಬೇಡ, ಈ ಪಾಯಿಂಟರಿಗೆ ಆಗದು ಅಂತ ಬರೆ ಅಂದೆ.

ಬೆಲೆ ಸರಿಯಿದ್ದ ಮಾತ್ರಕ್ಕೆ ಎಲ್ಲ ನಾಣ್ಯವೂ ಕೆಲಸಕ್ಕೆ ಬರುವುದಿಲ್ಲ ಅನ್ನುವುದೂ ಲೆಕ್ಕದಲ್ಲಿ ಕಂಡಿತು. 5 ಮಿಲಿವ್ಯಾಟಿನ ನೇರಳೆ ಲೇಸರ್ ಸೆಕೆಂಡಿಗೆ ಸುಮಾರು ನೂರು ಕೋಟಿ ಕೋಟಿ ಫೋಟಾನ್ ಸುರಿಯುತ್ತದೆ. ನಮ್ಮ ಅಂದಾಜಿನಲ್ಲಿ ಆ ಚುಕ್ಕೆಯೊಳಗಿನ ಕರ್ಕ್ಯುಮಿನ್ ಅಣುಗಳ ಸಂಖ್ಯೆ ಅದಕ್ಕಿಂತ ಕಡಿಮೆ. ಹಾಗಿದ್ದರೆ ಒಂದು ಸೆಕೆಂಡಿಗೇ ಕಲೆ ಹೋಗಬೇಕಿತ್ತು. ಹಿಡಿದದ್ದು ಒಂದು ಗಂಟೆ. ಹೀರಿದ ಬೆಳಕಿನ ಬಹುಪಾಲು ಬಿಸಿಯಾಗಿ ಸೋರಿಹೋಗುತ್ತದೆ. ಒಂಚೂರು ಆ ಗಿಳಿಹಸಿರು ಹೊಳಪಾಗಿ ವಾಪಸ್ ಬರುತ್ತದೆ. ಎಲ್ಲೋ ಅಪರೂಪಕ್ಕೆ ಒಂದು ಅಣು ಮುರಿಯುತ್ತದೆ.

ಮಂಡಕ್ಕಿ ಭಟ್ಟಿಯ ಗಡಿಯಾರ

ವೈವಾಕ್ಕೆ ತಯಾರಾಗುವಾಗ ಅವಳು ಕೇಳಿದ ಇನ್ನೊಂದು ಪ್ರಶ್ನೆಯಿಂದ ನಾವು ನಮ್ಮ ಲ್ಯಾಬ್ ಬಿಟ್ಟು ದೊಡ್ಡ ಲ್ಯಾಬುಗಳ ಕಡೆ ಹೋದೆವು. "ಕಲೆ ಹೋಗೋಕೆ ಒಂದು ಗಂಟೆ. ಒಂದು ಅಣು ಹೋಗೋಕೆ ಎಷ್ಟು ಹೊತ್ತು ಸರ್?"

ನಮ್ಮೂರಿನ ಮಂಡಕ್ಕಿ ಭಟ್ಟಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಚೀಲ ಅಕ್ಕಿ ಅರಳಲು ತುಂಬಾ ಹೊತ್ತು. ಆದರೆ ಬಾಣಲೆಯ ಬಿಸಿ ಮರಳಿನಲ್ಲಿ ಒಂದೊಂದು ಕಾಳು ಅರಳುವುದು ಕಣ್ಣು ಮಿಟುಕಿಸುವುದರೊಳಗೆ. ಆ ಒಂದು ಕಾಳು ಅರಳುವ ಕ್ಷಣದ ಫೋಟೋ ಬೇಕು ಅಂದರೆ ಎರಡು ತೊಂದರೆ. ಒಂದು, ಕ್ಯಾಮೆರಾ ಅಷ್ಟು ಚುರುಕಾಗಿರಬೇಕು. ಎರಡು, ಕಾಳುಗಳು ಒಂದೊಂದು ಒಂದೊಂದು ಹೊತ್ತಿಗೆ ಅರಳುತ್ತವೆ. ಎಲ್ಲವೂ ಒಟ್ಟಿಗೆ ಶುರುವಾಗುವಂತೆ ಯಾರಾದರೂ "ಹೂಂ" ಅನ್ನಬೇಕು.

ಲೇಸರ್ ಎರಡನ್ನೂ ಮಾಡುತ್ತದೆ. ಮೊದಲ ಹೊಡೆತ ಎಲ್ಲ ಅಣುಗಳಿಗೂ ಒಟ್ಟಿಗೆ "ಹೂಂ" ಅನ್ನುತ್ತದೆ. ಸ್ವಲ್ಪ ತಡೆದು ಬರುವ ಎರಡನೇ ಹೊಡೆತ ಆ ಕ್ಷಣಕ್ಕೆ ಅಣು ಹೇಗಿದೆ ಅಂತ ನೋಡುತ್ತದೆ. ಲೇಸರಿಗಿಂತ ಮೊದಲೇ, 1940ರ ದಶಕದ ಕೊನೆಗೆ, ನಾರಿಷ್ ಮತ್ತು ಪೋರ್ಟರ್ ಫ್ಲಾಶ್ ದೀಪಗಳಿಂದ ಹೀಗೇ ಮಾಡಿದ್ದರು. 1967ರ ನೊಬೆಲ್ ಅವರಿಗೆ ಐಗನ್ ಜೊತೆ ಬಂತು. ಆದರೆ ಆ ದೀಪಗಳ ಹೊಡೆತ ಅಣುವಿನ ಲೆಕ್ಕದಲ್ಲಿ ತೀರಾ ಉದ್ದ. ಅಣುವಿನೊಳಗೆ ಪರಮಾಣುಗಳನ್ನು ಹಿಡಿದಿಡುವ ಬಂಧ ಮುರಿಯುವ ಕ್ಷಣ ಕೈಗೆ ಸಿಕ್ಕಿದ್ದು 1987ರಲ್ಲಿ. ಈಜಿಪ್ಟಿನಲ್ಲಿ ಹುಟ್ಟಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿದ್ದ ಅಹ್ಮದ್ ಜವೈಲ್, ಅಯೋಡಿನ್ ಸಯನೈಡ್ ಅಣು ಎರಡಾಗುವುದನ್ನು ಹೀಗೆ ಹಿಡಿದರು. ಬೇಕಾದ ಹೊತ್ತು ಸುಮಾರು 200 ಫೆಮ್ಟೊಸೆಕೆಂಡ್. ಒಂದು ಸೆಕೆಂಡನ್ನು ಕೋಟಿ ಭಾಗ ಮಾಡಿ, ಅದರಲ್ಲೊಂದನ್ನು ಮತ್ತೆ ಹತ್ತು ಕೋಟಿ ಭಾಗ ಮಾಡಿದರೆ ಒಂದು ಫೆಮ್ಟೊಸೆಕೆಂಡ್. 1999ರ ನೊಬೆಲ್ ಅವರೊಬ್ಬರಿಗೇ ಬಂತು.

ಅಷ್ಟು ಚಿಕ್ಕ ಹೊತ್ತನ್ನು ಯಾವ ಗಡಿಯಾರದಲ್ಲಿ ಅಳೆಯುತ್ತಾರೆ? ಗಡಿಯಾರವೇ ಇಲ್ಲ, ಅಳತೆ ಪಟ್ಟಿ! ಎರಡನೇ ಹೊಡೆತದ ದಾರಿಯಲ್ಲಿರುವ ಕನ್ನಡಿಯನ್ನು ಸ್ವಲ್ಪ ಹಿಂದೆ ಸರಿಸುತ್ತಾರೆ. ಬೆಳಕು ಹೋಗಿ ಬರುವ ದಾರಿ ಅಷ್ಟು ಉದ್ದವಾಗುತ್ತದೆ, ಅಷ್ಟು ತಡವಾಗಿ ತಲುಪುತ್ತದೆ. ಕನ್ನಡಿಯನ್ನು 15 ಮೈಕ್ರೊಮೀಟರ್, ಅಂದರೆ ತಲೆಗೂದಲ ದಪ್ಪದ ಕಾಲು ಭಾಗಕ್ಕಿಂತಲೂ ಕಡಿಮೆ, ಸರಿಸಿದರೆ 100 ಫೆಮ್ಟೊಸೆಕೆಂಡ್ ತಡ. ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದದ್ದು ಇದು. ಹೊತ್ತನ್ನು ಉದ್ದದಲ್ಲಿ ಅಳೆಯುವುದು. ನಾವೂ ಅಷ್ಟೇ ಅಲ್ವಾ, ಪಟ್ಟಿಯ ಮೇಲೆ ಬಿಸಿಲು ಎಷ್ಟು ಬೆರಳು ಹತ್ತಿತು ಅಂತ ನೋಡಿ ಹೊತ್ತು ಲೆಕ್ಕ ಹಾಕಿದ್ದು.

ಬೇಕಾದ ಬಂಧ ಮಾತ್ರ ಮುರಿಯುವುದು

ನೋಡುವುದು ಒಂದಾದರೆ, ನಡೆಸುವುದು ಇನ್ನೊಂದು. ಲೇಸರ್ ಬಂದ ಹೊಸದರಲ್ಲಿ ಕೆಮಿಸ್ಟ್ರಿಯವರು ಅದನ್ನು ಕತ್ತರಿ ಅಂದುಕೊಂಡಿದ್ದರು. ಪ್ರತಿ ಬಂಧಕ್ಕೂ ಅದರದೇ ಕಂಪನ ಇದೆ. ಆ ಕಂಪನಕ್ಕೆ ಸರಿಹೊಂದುವ ಇನ್‌ಫ್ರಾರೆಡ್ ಲೇಸರ್ ಬಿಟ್ಟರೆ ಆ ಬಂಧ ಮಾತ್ರ ಮುರಿಯುತ್ತದೆ ಅನ್ನುವ ಕನಸು. ದೊಡ್ಡ ಅಣುಗಳಲ್ಲಿ ಅದು ನಡೆಯಲಿಲ್ಲ. ಚಪ್ಪರದ ಒಂದು ಕಂಬ ಹಿಡಿದು ಅಲ್ಲಾಡಿಸಿದರೆ ಇಡೀ ಚಪ್ಪರ ಅಲುಗಾಡುವ ಹಾಗೆ, ಒಂದು ಬಂಧಕ್ಕೆ ಕೊಟ್ಟ ಶಕ್ತಿ ಪಿಕೊಸೆಕೆಂಡುಗಳಲ್ಲಿ (ಒಂದು ಪಿಕೊಸೆಕೆಂಡ್ ಅಂದರೆ ಸಾವಿರ ಫೆಮ್ಟೊಸೆಕೆಂಡ್) ಅಣುವಿನ ತುಂಬ ಹಂಚಿಹೋಗುತ್ತದೆ. ಕೊನೆಗೆ ಮುರಿಯುವುದು ಅತಿ ಸಡಿಲವಾದ ಬಂಧ. ಅಷ್ಟಕ್ಕೆ ಬೆಂಕಿಯಲ್ಲಿ ಕಾಯಿಸಿದ್ದರೂ ಆಗುತ್ತಿತ್ತು.

ಪುಟ್ಟ ಅಣುಗಳಲ್ಲಿ ಕನಸು ನನಸಾಗಿದ್ದೂ ಇದೆ. ಎಚ್‌ಓಡಿ ಅಂತ ಒಂದು ನೀರು. ಒಂದು ಕಡೆ ಮಾಮೂಲಿ ಹೈಡ್ರೋಜನ್, ಇನ್ನೊಂದು ಕಡೆ ಭಾರದ ಹೈಡ್ರೋಜನ್, ಅಂದರೆ ಡ್ಯುಟೀರಿಯಂ. ವಿಸ್ಕಾನ್ಸಿನ್‌ನ ಫ್ಲೆಮಿಂಗ್ ಕ್ರಿಮ್ ತಂಡ 1990ರ ಸುಮಾರಿಗೆ ಲೇಸರಿನಿಂದ ಮಾಮೂಲಿ ಹೈಡ್ರೋಜನ್ ಇರುವ ಬಂಧವನ್ನು ಮಾತ್ರ ಜೋರಾಗಿ ಕಂಪಿಸಿ, ಆಮೇಲೆ ಹೈಡ್ರೋಜನ್ ಪರಮಾಣುವಿನಿಂದ ಗುದ್ದಿಸಿತು. ಕಂಪಿಸಿದ ಬಂಧವೇ ಮುರಿಯಿತು. ಇನ್ನೊಂದು ಹೆಚ್ಚುಕಡಿಮೆ ಹಾಗೇ ಉಳಿಯಿತು. ಸುಮ್ನೆ ಕೂತು ಯೋಚಿಸಿದರೆ ಎಂಥ ಕೆಲಸ ಇದು!

ದೊಡ್ಡ ಅಣುಗಳಿಗೆ ಬೇರೆ ದಾರಿ ಹುಡುಕಿದರು. ಬೆಣ್ಣೆ ದೋಸೆ ಹಾಕುವವರು ಉಷ್ಣದ ಲೆಕ್ಕ ಬರೆದುಕೊಂಡು ಕೂರುವುದಿಲ್ಲ. ಮೊದಲ ದೋಸೆ ಹಾಕಿ ನೋಡುತ್ತಾರೆ, ಸೌದೆ ಹಿಂದೆ ಮುಂದೆ ಮಾಡುತ್ತಾರೆ, ಎರಡನೆಯದು ಹಾಕುತ್ತಾರೆ. ಪ್ರಿನ್ಸ್‌ಟನ್‌ನ ಹರ್ಷೆಲ್ ರಾಬಿಟ್ಸ್, ರಿಚರ್ಡ್ ಜಡ್ಸನ್ ಜೊತೆ 1992ರಲ್ಲಿ ಕೊಟ್ಟ ಸಲಹೆ ಇಂಥದ್ದೇ. ಲೇಸರ್ ಹೊಡೆತದ ಆಕಾರವನ್ನು ಕಂಪ್ಯೂಟರ್ ಬದಲಾಯಿಸುತ್ತಾ ಹೋಗಲಿ. ಏನು ಹುಟ್ಟಿತು ಅಂತ ಅಳೆಯಲಿ. ಚೆನ್ನಾಗಿ ಬಂದ ಆಕಾರಗಳನ್ನು ಇಟ್ಟುಕೊಂಡು ಇನ್ನಷ್ಟು ತಿದ್ದಲಿ. 1998ರಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬರ್ಗ್‌ನಲ್ಲಿ ಗುಸ್ಟಾವ್ ಗೆರ್ಬರ್ ತಂಡ ಕಬ್ಬಿಣವಿರುವ ಒಂದು ಅಣುವಿನ ಮೇಲೆ ಇದನ್ನು ಮಾಡಿ ತೋರಿಸಿತು. ಅಣು ಯಾವ ರೀತಿ ತುಂಡಾಗಬೇಕು ಅನ್ನುವುದನ್ನು ಹೊಡೆತದ ಆಕಾರವೇ ತಿರುಗಿಸಿತು. 2006ರಲ್ಲಿ ಒಂದು ಸೂಕ್ಷ್ಮಜೀವಿಯ ಪ್ರೋಟೀನಿನೊಳಗಿನ ರೆಟಿನಲ್ ಅನ್ನುವ ಅಣು ಬೆಳಕಿಗೆ ತಿರುಚಿಕೊಳ್ಳುವುದನ್ನು ಇದೇ ದಾರಿಯಲ್ಲಿ ಶೇಕಡಾ 20ರಷ್ಟು ಹೆಚ್ಚು ಕಡಿಮೆ ಮಾಡಿದರು. ನಮ್ಮ ಕಣ್ಣಿನೊಳಗೂ ಬೆಳಕು ಹಿಡಿಯುವುದು ರೆಟಿನಲ್ಲೇ. ಶೇಕಡಾ 20 ಅಂದರೆ ಕಡಿಮೆ ಅನಿಸಬಹುದು. ಬೆಳಕಿನ ಪ್ರಮಾಣ ಬದಲಾಯಿಸದೆ, ಬರೀ ಆಕಾರ ತಿದ್ದಿ ಅಷ್ಟು ಪಡೆದದ್ದು ಅನ್ನುವುದನ್ನು ಮರೆಯಬಾರದು.

ಹುಡುಗಿಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಲೇಸರ್ ಇಲ್ಲದ ಒಂದು ಕಥೆ. ಕಾಮಾಲೆ ಇರುವ ಎಳೆ ಮಗುವನ್ನು ಆಸ್ಪತ್ರೆಯಲ್ಲಿ ನೀಲಿ ದೀಪದ ಕೆಳಗೆ ಮಲಗಿಸುವುದನ್ನು ಅವಳು ಅಕ್ಕನ ಮಗುವಿನ ಹೊತ್ತಿಗೆ ನೋಡಿದ್ದಳು. ಅಲ್ಲೂ ಹಳದಿ, ಅಲ್ಲೂ ನೀಲಿ ಬೆಳಕು. ಬಿಲಿರುಬಿನ್ ಅನ್ನುವ ಹಳದಿ ವಸ್ತು ನೀಲಿ ಬೆಳಕನ್ನು ಹೀರಿ ಆಕಾರ ಬದಲಿಸುತ್ತದೆ. ಆಮೇಲೆ ಮಗುವಿನ ದೇಹ ಅದನ್ನು ಸುಲಭವಾಗಿ ಹೊರಗೆ ಹಾಕುತ್ತದೆ. 1950ರ ದಶಕದಲ್ಲಿ ಇಂಗ್ಲೆಂಡಿನ ರೋಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಅನ್ನುವ ನರ್ಸ್ ಮಕ್ಕಳನ್ನು ಎಳೆಬಿಸಿಲಿಗೆ ಒಯ್ಯುತ್ತಿದ್ದರು. ಒಂದು ಮಗುವಿನ ಮೈಯೆಲ್ಲ ತಿಳಿಯಾಗಿ, ಹೊದಿಕೆಯ ಮೂಲೆ ಮುಚ್ಚಿದ್ದ ತ್ರಿಕೋನದಷ್ಟು ಜಾಗ ಮಾತ್ರ ಹಳದಿ ಉಳಿದದ್ದನ್ನು ಅವರು ಡಾಕ್ಟರರಿಗೆ ತೋರಿಸಿದರು. 1958ರಲ್ಲಿ ಅಲ್ಲಿನ ವೈದ್ಯರು ಬೆಳಕಿನ ಚಿಕಿತ್ಸೆಯ ಬಗ್ಗೆ ಪ್ರಕಟಿಸಿದರು. "ಅವ್ರದ್ದು ಕಂಟ್ರೋಲ್ ಸರಿಯಾಗಿತ್ತು ಸರ್, ಅದೇ ಮಗು, ಅದೇ ಬಿಸಿಲು," ಅಂದಳು. ನನಗೆ ಚುಚ್ಚಲೆಂದೇ ಹೇಳಿದಳೋ ಏನೋ.

ರೆಕಾರ್ಡಿನಲ್ಲಿ ಉಳಿದದ್ದು

ಕೊನೆಗೆ ಎಲ್ಲವನ್ನೂ ಹೊಸದಾಗಿ ಮಾಡಿದೆವು. ಡಬ್ಬಿಯನ್ನು ಕಿಟಕಿಯಿಂದ ದೂರ, ಕಪ್ಪು ಬಟ್ಟೆಯೊಳಗೆ ಇಟ್ಟೆವು. ಒಂದೇ ಪಟ್ಟಿಯಲ್ಲಿ ಮೂರು ಲೇಸರಿಗೆ ಮೂರು ಜಾಗ, ಲೇಸರ್ ಬೀಳದ ನಾಲ್ಕನೇ ಜಾಗ. ಕೆಂಪಿಗೆ ಪ್ರತಿ ಗಂಟೆಗೂ ಹೊಸ ಸೆಲ್. ನೇರಳೆಯ ಜಾಗ ಬೆಳ್ಳಗಾಯಿತು. ಉಳಿದ ಮೂರರಲ್ಲಿ ವ್ಯತ್ಯಾಸ ಕಾಣಲಿಲ್ಲ.

ಓಕುಳಿಯ ಪ್ರಯೋಗ ಮಾತ್ರ ಕೈಕೊಟ್ಟಿತು. ಸುಣ್ಣ ಬೆರೆಸಿ ಕೆಂಪಾದ ಅರಿಶಿನ ಹೀರುವ ಬಣ್ಣ ಹಸಿರಿನ ಕಡೆಗೆ ಸರಿಯುತ್ತದೆ. ಹಾಗಾದರೆ ಹಸಿರು ಲೇಸರಿಗೂ ಅದರ ಬಣ್ಣ ಹೋಗಬಹುದಲ್ಲ ಅನ್ನುವುದು ಅವಳ ಯೋಚನೆ. ಒಳ್ಳೆಯ ಯೋಚನೆಯೇ. ಆದರೆ ಸುಣ್ಣದ ಜೊತೆ ಕರ್ಕ್ಯುಮಿನ್ ಕತ್ತಲೆಯಲ್ಲೂ ತಾನಾಗಿಯೇ ಕೆಡುತ್ತದೆ. ಲೇಸರ್ ಬಿದ್ದ ಜಾಗ, ಬೀಳದ ಜಾಗ, ಎರಡೂ ಮಂಕಾದವು. ಅದನ್ನು ಹಾಗೇ ಬರೆದಳು: "ಹೇಳಲು ಬರುವುದಿಲ್ಲ." ಎಕ್ಸ್‌ಟರ್ನಲ್ ಆಗಿ ಬಂದವರು ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಮೋಸ ಮಾಡಿದ ಕೆಂಪು ಪಟ್ಟಿಯನ್ನು ನೋಡಬೇಕು ಅಂದರು. ಅದನ್ನೂ ಅವಳು ಅಂಟಿಸಿದ್ದಳು, ಪಕ್ಕದಲ್ಲಿ ಲೇಸರ್ ಇಲ್ಲದ ಪಟ್ಟಿಯ ಸಮೇತ.

ಆ ರೆಕಾರ್ಡ್ ಈಗಲೂ ನಮ್ಮ ಲ್ಯಾಬಿನ ಗಾಜಿನ ಬೀರುವಿನಲ್ಲಿ ಕಿಟಕಿಯ ಎದುರಿಗಿದೆ. ಮೊನ್ನೆ ಹೊಸ ಬ್ಯಾಚಿಗೆ ತೋರಿಸಲು ತೆಗೆದೆ. ಪಟ್ಟಿಗಳು ಇವತ್ತು ಅದ್ದಿದ ಹಾಗೆ ಹಳದಿ. ಒಂದು ಪಟ್ಟಿ ಮಾತ್ರ ಓರೆಯಾಗಿ ಅಂಟಿ ಪುಸ್ತಕದ ಹೊರಗೆ ಅರ್ಧ ಬೆರಳು ಚಾಚಿಕೊಂಡಿದೆ. ಚಾಚಿದಷ್ಟು ಭಾಗ ಬೆಳ್ಳಗಾಗಿದೆ.